ಸೈಡ್‌ವಿಂಗಿನಲ್ಲಿ ಗಂಡಸರು ಯಾರೂ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. ಆ ವಿಡಿಯೋದಲ್ಲಿರುವ ಹೆಂಗಸು ನಾನೇ. ತಲೆಯ ಮೇಲೆ ಕಿರೀಟ, ಮೈಮೇಲೆ ಕೆಂಪು ರವಿಕೆ, ಕೆಳಗೆ ನೀಲಿ ಟ್ರ್ಯಾಕ್ ಪ್ಯಾಂಟು, ಬಾಯಲ್ಲಿ ಹಾಡು. ಹಲ್ಲಿನ ನಡುವೆ ನಾಲ್ಕು ಪಿನ್ನು ಕಚ್ಚಿಕೊಂಡು ನನ್ನ ಸೀರೆ ಬಿಚ್ಚುತ್ತಿರುವ ಮುದುಕಿ ಮಾದಮ್ಮತ್ತೆ, ನಾಟಕದಲ್ಲಿ ನಮಗೆ ವೇಷ ಉಡಿಸುವವಳು. ಒಟ್ಟು ಮೂವತ್ತೆಂಟು ಸೆಕೆಂಡು. ನೀವೂ ನೋಡಿರಬಹುದು, ನೋಡಿ ನಕ್ಕಿರಲೂಬಹುದು. ನಕ್ಕಿದ್ದರೆ ಈಗ ಸ್ವಲ್ಪ ಹೊತ್ತು ಕೂತು ಕೇಳಿ.

ನನ್ನ ಹೆಸರು ಹುಲಿಯಮ್ಮ. ಕರಪತ್ರದಲ್ಲಿ ಹೇಮಶ್ರೀ. ಹುಲಿಯಮ್ಮ ಎಂದು ಅಚ್ಚು ಹಾಕಿಸಿದರೆ ರಾಣಿ ಪಾತ್ರಕ್ಕೆ ಒಪ್ಪುವುದಿಲ್ಲ ಎಂದು ನಾಟಕದ ಮೇಷ್ಟ್ರು ರುದ್ರಯ್ಯನವರು ನನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ ಇಟ್ಟ ಹೆಸರು ಅದು. ಮನೆ ಕೆ. ಹೊಸಕೋಟೆಯಲ್ಲಿ. ಗಂಡ ಚಲುವಯ್ಯ ಹೊಂಗಡಹಳ್ಳದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮಗಳು ನಯನಾ ಪಿಯುಸಿ ಓದುತ್ತಿದ್ದಳು. ಬೇಸಿಗೆ ಬಂತೆಂದರೆ ಆಲೂರು, ಸಕಲೇಶಪುರದ ಸುತ್ತಲಿನ ಊರುಗಳಲ್ಲಿ ನಾಟಕ ಕಲಿಯುತ್ತಾರೆ. ಗಂಡು ಪಾತ್ರ ಊರ ಗಂಡಸರೇ ಮಾಡುತ್ತಾರೆ, ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಕರೆಸುತ್ತಾರೆ. ಇಪ್ಪತ್ತೇಳು ವರ್ಷ ಹಾಗೆ ಕರೆಸಿಕೊಂಡವಳು ನಾನು.

ನನಗೆ ಹೆಸರು ತಂದದ್ದು ಒಂದೇ ಪಾತ್ರ, ರಾಣಿ ಹೊನ್ನಾಜಮ್ಮ. ನಾಟಕ ಮೇಷ್ಟ್ರೇ ಬರೆದದ್ದು. ಪಾಳೇಗಾರನೊಬ್ಬ ರಾಣಿಯ ಗಂಡನನ್ನು ಸೆರೆ ಹಿಡಿದು, ನೀನು ಒಡವೆ ಹಾಕಿಕೊಂಡು ಬಂದು ನನ್ನ ದರ್ಬಾರಿನಲ್ಲಿ ಕುಣಿದರೆ ಬಿಡುತ್ತೇನೆ ಎಂದು ಹೇಳಿಕಳಿಸುತ್ತಾನೆ. ಅವಳು ಸೀರೆ ಒಡವೆ ಬಿಚ್ಚಿಟ್ಟು, ಕುದುರೆ ಸವಾರನ ವೇಷದಲ್ಲಿ ಕತ್ತಿ ಹಿಡಿದು ಹೋಗುತ್ತಾಳೆ. ಈ ವೇಷ ಬದಲಾಗುವುದು ಒಂದು ಹಾಡಿನೊಳಗೆ. ಎರಡು ಚರಣವನ್ನು ರಾಣಿಯಾಗಿ ಸ್ಟೇಜಿನ ಮೇಲೆ ಹಾಡಿ, ಹಾಡುತ್ತಲೇ ಬಲಗಡೆಯ ಸೈಡ್‌ವಿಂಗಿಗೆ, ಸ್ಟೇಜಿನ ಪಕ್ಕದ ಮರೆಗೆ, ಹೋಗುತ್ತೇನೆ. ಮೂರನೆಯ ಚರಣ ಒಳಗಿನಿಂದ ಕೇಳುತ್ತದೆ. ನಾಲ್ಕನೆಯದಕ್ಕೆ ಪೇಟ, ಅಂಗಿ, ಕತ್ತಿಯಲ್ಲಿ ಹೊರಗೆ ಬರುತ್ತೇನೆ. ನಡುವೆ ಶ್ರುತಿ ಒಂದು ಕೂದಲೆಳೆ ಅಲುಗಬಾರದು. ಒಳಗೆ ಬೇರೆ ಯಾರೋ ಹಾಡುತ್ತಾರೆಂದು ಎಷ್ಟೋ ಊರಿನಲ್ಲಿ ಪಂದ್ಯ ಕಟ್ಟಿದ್ದಾರೆ. ಹಾಡುವವಳು ನಾನೇ. ಮಾದಮ್ಮತ್ತೆ ಸೀರೆ ಎಳೆದಾಗ ಮೈ ಗಿರಕಿ ಹೊಡೆಯುತ್ತದೆ, ಹೊಟ್ಟೆ ಹಿಡಿದುಕೊಂಡು ಸ್ವರ ನಿಲ್ಲಿಸಬೇಕು. ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ.

ಆ ಹಾಡಿಗೆ ಒಂದು ಪದ್ಧತಿ ಇದೆ. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಮೇಷ್ಟ್ರು ಕಾಲು ಹಾರ್ಮೋನಿಯಂನಲ್ಲಿ ಕೆಳಗಿನ ಷಡ್ಜವನ್ನು ಮೂರು ಸಲ ಒತ್ತುತ್ತಾರೆ. ಅದು ಕೇಳಿದ ಕೂಡಲೇ ಸೈಡ್‌ವಿಂಗಿನಲ್ಲಿರುವ ಗಂಡಸರೆಲ್ಲ ಹಿಂಬಾಗಿಲಿನಿಂದ ಹೊರಗೆ ಹೋಗಬೇಕು. ಮಂತ್ರಿಯಾಗಲಿ, ಸೇನಾಪತಿಯಾಗಲಿ, ಪಾರ್ಟು ಹೇಳಿಕೊಡುವವನಾಗಲಿ. ಮಳೆ ಬಂದರೂ ಹೊರಗೇ. ಸ್ಟೇಜಿನ ಕೆಳಗೆ ಕೂತ ಮೇಷ್ಟ್ರಿಗೆ ವಿಂಗು ಕಾಣುತ್ತದೆ, ಅದಕ್ಕೇ ಅವರು ಜನರ ಕಡೆ ಮುಖ ತಿರುಗಿಸಿಕೊಂಡು ನುಡಿಸುತ್ತಾರೆ. ಮಾದಮ್ಮತ್ತೆ ಒಂದು ಸಲ ಸುತ್ತ ನೋಡಿ, “ಗಂಡಸ್ರು ಯಾರೂ ಇಲ್ಲ ಕಣವ್ವ, ಬಾ” ಎನ್ನುತ್ತಾಳೆ. ಆ ಮಾತು ಕೇಳಿದ ಮೇಲೆಯೇ ನಾನು ಒಳಗೆ ಕಾಲಿಡುವುದು.

ಇನ್ನೊಂದು ಪದ್ಧತಿ ಒನ್ಸ್ ಮೋರ್. ಹಾಡು ಮುಗಿದಾಗ ಜನ ಒನ್ಸ್ ಮೋರ್ ಎಂದು ಕೂಗಿದರೆ ಮತ್ತೆ ಹಾಡಬೇಕು. ಇಲ್ಲ ಎಂದರೆ ಊರಿಗೆ ಅವಮಾನ. ನಾನು ಯಾವ ಊರಿಗೂ ಇಲ್ಲ ಎಂದವಳಲ್ಲ. ಜ್ವರದಲ್ಲಿ ಹಾಡಿದ್ದೇನೆ, ನಯನಾ ಹೊಟ್ಟೆಯಲ್ಲಿದ್ದಾಗ ಏಳು ತಿಂಗಳಲ್ಲೂ ಹಾಡಿದ್ದೇನೆ.

ಇಂಥ ನಾಟಕ ಕೊರೊನಾದಿಂದ ಎರಡು ಬೇಸಿಗೆ ನಿಂತುಹೋಯಿತು. ಮದುವೆಗೆ ಇಷ್ಟು ಜನ, ಸಾವಿಗೆ ಇಷ್ಟು ಜನ ಎಂದು ಲೆಕ್ಕ ಬಂತು. ಬಸ್ಸು ಬಿಟ್ಟರು, ಬಾರು ತೆಗೆದರು. ನಾಟಕದ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ. ನಾನು ಕಾಫಿ ತೋಟಕ್ಕೆ ಕಳೆ ತೆಗೆಯಲು ಹೋದೆ. ಮೇಷ್ಟ್ರು ಹಾರ್ಮೋನಿಯಂಗೆ ಕಂಬಳಿ ಹೊದಿಸಿ, ಒಳಗೆ ಇಲಿ ನುಗ್ಗಿದೆಯೇ ಎಂದು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದರು.

ಎರಡನೇ ಅಲೆ ಇಳಿದ ಜುಲೈ ತಿಂಗಳಲ್ಲಿ ಕುಂದೂರಿನಿಂದ ರಂಗಸ್ವಾಮಿಯ ಫೋನು ಬಂತು. ರಂಗಸ್ವಾಮಿ ನಮ್ಮ ಕಲಾ ಸಂಘದ ಅಧ್ಯಕ್ಷ. ಕಾಫಿ ಬೆಳೆಗಾರ. ಪಾಳೇಗಾರನ ಪಾತ್ರವನ್ನು ಹದಿನೈದು ವರ್ಷದಿಂದ ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ.

“ಹೇಮವ್ವ, ನಾಟ್ಕ ಆಡ್‌ಬೌದು ಕಣವ್ವ. ಜನ ಬರಂಗಿಲ್ಲ ಅಷ್ಟೆ.”

“ಜನ ಬರ್ದೆ ಇದ್ರೆ ಯಾರಿಗ್ ಆಡಾದು, ಕಂಬಕ್ಕಾ?”

“ಫೋನಿಗೆ. ಸಕಲೇಶಪುರದಾಗೆ ನವೀನ್‌ಕುಮಾರ್ ಅಂತ ಅವ್ನೆ, ಮದ್ವೆ ವಿಡಿಯೋ ತೆಗಿಯೋನು. ಈಗ ಚಾನೆಲ್ ಮಾಡವ್ನೆ. ನಮ್ ನಾಟ್ಕ ಹಿಡ್ದು ಹಾಕ್ತಾನಂತೆ. ದುಬೈನಾಗೆ ಕುಂತೋರೂ ನೋಡ್ತಾರೆ ಮಾರಾಯ್ತಿ.”

ಸುಳ್ಳು ಯಾಕೆ ಹೇಳಲಿ, ಕುಣಿದುಕೊಂಡೇ ಹೊರಟೆ. ಟ್ರಂಕು ತೆಗೆದರೆ ಎರಡು ಮಳೆಗಾಲದ ಬೂಸ್ಟು. ಸೀರೆ ಹೇಗೋ ಉಳಿದಿತ್ತು, ಸವಾರನ ವೇಷಕ್ಕೆಂದು ಸೀರೆಯೊಳಗೇ ತೊಡುವ ಕಪ್ಪು ಚಲ್ಲಣ ಮಾತ್ರ ಮುಟ್ಟಿದ ಕಡೆ ಹರಿಯಿತು. ನಯನಾಳ ಆಟದ ಪ್ಯಾಂಟು ದಾರದ ಮೇಲೆ ಒಣಗುತ್ತಿತ್ತು. ನೀಲಿ ಬಟ್ಟೆ, ಪಕ್ಕದಲ್ಲಿ ಬಿಳಿ ಪಟ್ಟಿ, ತೊಡೆಯ ಮೇಲೆ ಕಾಲೇಜಿನ ಹೆಸರು. ಮೇಲೆ ಮೊಣಕಾಲಿನವರೆಗೆ ಅಂಗಿ ಬರುತ್ತದೆ, ಕೆಳಗೆ ಬೂಟು ಇರುತ್ತದೆ, ಯಾರಿಗೆ ಕಾಣಬೇಕು ಎಂದು ಅದನ್ನೇ ಚೀಲಕ್ಕೆ ಹಾಕಿಕೊಂಡೆ.

ಬೆಳಿಗ್ಗೆ ಹತ್ತು ಗಂಟೆಗೆ, ಕುಂದೂರಿನ ಸಮುದಾಯ ಭವನದಲ್ಲಿ, ಬಣ್ಣ ಹಚ್ಚಿಕೊಂಡು ನಾಟಕ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲ್ಲಲ್ಲಿ ಫೋನು. ಅದರ ನಡುವೆ ನವೀನ್‌ಕುಮಾರ, ಮೂವತ್ತು ವರ್ಷದವನು, ಮೂಗಿನ ಕೆಳಗೆ ಮಾಸ್ಕು. ಬಂದವನೇ ಮೇಷ್ಟ್ರಿಗೆ ಹಾರ್ಮೋನಿಯಂ ಸೌಂಡು ಕಮ್ಮಿ ಮಾಡಿ ಎಂದ. ಆರು ನಿಮಿಷದ ಹಾಡನ್ನು ಈ ಕಾಲದಲ್ಲಿ ಯಾರು ಕೇಳುತ್ತಾರೆ, ಎರಡು ನಿಮಿಷಕ್ಕೆ ಮುಗಿಸಿ ಎಂದ. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಅವರು ಅವನ ಮುಖವನ್ನೇ ನೋಡಿ, “ಹಾಡು ಸೌದೆ ಅಲ್ಲ ಕಣಪ್ಪ, ಒಲೆ ಅಳ್ತೆಗೆ ಕಡ್ಯಾಕೆ” ಎಂದರು.

ನಾಟಕ ಶುರುವಾಯಿತು. ರಂಗಸ್ವಾಮಿ ಪಾಳೇಗಾರನ ಹಾಡು ಹಾಡಿ, ಕತ್ತಿ ಮೇಲೆತ್ತಿ, ಎಂದಿನಂತೆ ನಿಂತ. ಒನ್ಸ್ ಮೋರ್ ಬರಬೇಕಲ್ಲ? ಬರಲಿಲ್ಲ. ಅವನು ಕೈ ಇಳಿಸಲಿಲ್ಲ. ಮೇಷ್ಟ್ರೂ ಸ್ವರ ಹಿಡಿದುಕೊಂಡೇ ಕೂತರು. ಖಾಲಿ ಹಾಲಿನಲ್ಲಿ ಫ್ಯಾನು ತಿರುಗುವ ಸದ್ದು. ಕೊನೆಗೆ ನವೀನ್‌ಕುಮಾರ, “ಮುಂದೆ ಹೇಳಿ ಸಾರ್, ಚಾರ್ಜು ಹೋಯ್ತದೆ” ಎಂದ. ನಮಗೆಲ್ಲ ನಗು ಬಂತು. ಆಮೇಲೆ ನನ್ನ ಸರದಿಯಲ್ಲಿ ನಾನೂ ಹಾಗೇ ನಿಂತೆ, ಆಗ ನಗು ಬರಲಿಲ್ಲ.

ಹೊನ್ನಾಜಮ್ಮನ ಹಾಡು ಬಂತು. ಮೇಷ್ಟ್ರು ಮೂರು ಸಲ ಷಡ್ಜ ಒತ್ತಿದರು. ಗಂಡಸರೆಲ್ಲ ಹಿಂಬಾಗಿಲಿನಿಂದ ಹೊರಗೆ ಹೋಗಿ ಮಳೆಯಲ್ಲಿ ನಿಂತರು. ವಿಂಗಿನಲ್ಲಿ ಇನ್ನೊಂದು ಫೋನು ನಿಲ್ಲಿಸಿಕೊಂಡು ಕೂತಿದ್ದ ನವೀನ್‌ಕುಮಾರನನ್ನೂ ರಂಗಸ್ವಾಮಿ ರಟ್ಟೆ ಹಿಡಿದು ಎಬ್ಬಿಸಿ, “ಹೆಂಗಸ್ರು ಬಟ್ಟೆ ಬದ್ಲಾಯ್ಸೋ ಹೊತ್ತು, ಬಾರೋ ಮಾರಾಯ ಆಚಿಗೆ” ಎಂದು ಎಳೆದುಕೊಂಡು ಹೋದ. ಅವನು ಹೋದ. ಫೋನು ಅಲ್ಲೇ ನಿಂತಿತ್ತು.

ಮಾದಮ್ಮತ್ತೆ ಸುತ್ತ ನೋಡಿದಳು. “ಗಂಡಸ್ರು ಯಾರೂ ಇಲ್ಲ ಕಣವ್ವ, ಬಾ.”

ನಾನೂ ಫೋನು ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದರ ಹಿಂದೆ ಯಾರೂ ಇರಲಿಲ್ಲ, ಹಿಂದೆ ಯಾರೂ ಇಲ್ಲದ ಫೋನು ನೋಡುತ್ತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೇಳು ವರ್ಷದಿಂದ ನಾವು ವಿಂಗು ಖಾಲಿ ಮಾಡಿಸುತ್ತಿದ್ದದ್ದು ಮನುಷ್ಯರಿಂದ. ಮಾದಮ್ಮತ್ತೆ ನನ್ನ ಸೊಂಟದ ಡಾಬು ಬಿಚ್ಚಿ, ಎಲ್ಲಿಡಲಿ ಎಂದು ನೋಡಿ, ಗೋಡೆಯ ಮೊಳೆಗೆ ನೇತುಹಾಕುವಂತೆ ಆ ಸ್ಟ್ಯಾಂಡಿಗೇ ನೇತುಹಾಕಿದಳು.

ವಿಡಿಯೋದಲ್ಲಿ ನೀವು ನೋಡಿರುತ್ತೀರಿ, ಒಂದು ಕಡೆ ಚಿತ್ರ ಅಲುಗುತ್ತದೆ. ಅದು ಡಾಬು ಹಾಕಿದ್ದಕ್ಕೆ. ಅಲ್ಲಿಗೆ ಅವನು ‘ಟೊಯ್ಂಯ್’ ಎಂದು ಸದ್ದು ಸೇರಿಸಿದ್ದಾನೆ. ನನ್ನ ಹೊಟ್ಟೆ ಕಾಣುವ ಕಡೆ ಎಮ್ಮೆ ಕೂಗಿಸಿದ್ದಾನೆ. ಹಾಡನ್ನು ತೆಗೆದು ಯಾವುದೋ ಡಮಡಮ ಹಾಕಿದ್ದಾನೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ರಾಣಿಯಮ್ಮನ ಟ್ರ್ಯಾಕ್ ಪ್ಯಾಂಟು’ ಎಂದು ಬರೆದಿದ್ದಾನೆ. ಅವನು ಫೋನನ್ನು ಮರೆತು ಬಿಟ್ಟುಹೋದನೋ ಬೇಕೆಂದೇ ಬಿಟ್ಟುಹೋದನೋ ನನಗೆ ಗೊತ್ತಿಲ್ಲ. ಕೂತು ಎಮ್ಮೆ ಕೂಗು ಹುಡುಕಿ ಅಂಟಿಸುವಾಗ ಮಾತ್ರ ಮರೆವಿರಲಿಲ್ಲ.

ನನಗೆ ಅದು ಗೊತ್ತಾದದ್ದು ನಯನಾಳಿಂದ. ಆಗ ಅವಳಿಗೆ ಫೋನಿನಲ್ಲೇ ಕ್ಲಾಸು. ನೆಟ್‌ವರ್ಕು ಸಿಗಲೆಂದು ಹಿತ್ತಲ ದಿಬ್ಬದ ಮೇಲೆ ಕೊಡೆ ಹಿಡಿದು ಕೂರುತ್ತಿದ್ದಳು. ಒಂದು ಬೆಳಿಗ್ಗೆ ಕ್ಲಾಸಿನ ನಡುವೆಯೇ ಇಳಿದು ಬಂದು, ಪ್ಯಾಂಟನ್ನು ದಾರದಿಂದ ಕಿತ್ತು ಬಚ್ಚಲ ಒಲೆಗೆ ತುರುಕಿದಳು.

“ನಿನ್ಗೆ ಬ್ಯಾರೆ ಪ್ಯಾಂಟು ಸಿಗ್ಲಿಲ್ವೇನಮ್ಮ?” ಎಂದಳು. ಆಮೇಲೆ ತೋರಿಸಿದಳು.

ಕ್ಲಾಸಿನ ಗ್ರೂಪಿಗೆ ಯಾರೋ ಹಾಕಿದ್ದರು. ಕಾಲೇಜಿನ ಹೆಸರು ಓದಿದ ಮೇಲೆ ಪ್ಯಾಂಟು ಯಾರದೆಂದು ಹುಡುಕುವುದಕ್ಕೆ ಎಷ್ಟು ಹೊತ್ತು? ಅಂದಿನಿಂದ ಅವಳ ಹೆಸರು ಟ್ರ್ಯಾಕ್ ರಾಣಿ. ಕ್ಲಾಸಿನಲ್ಲಿ ಅವಳು ಪ್ರಶ್ನೆ ಕೇಳಲು ಬಾಯಿ ಬಿಟ್ಟರೆ ಯಾವನೋ ಎಮ್ಮೆ ಕೂಗು ಹಾಕುತ್ತಿದ್ದ. ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ನನ್ನನ್ನು ಏನು ಬೇಕಾದರೂ ಅನ್ನಿ, ನಾಲ್ಕು ಜನರೆದುರು ಬಣ್ಣ ಹಚ್ಚಿ ನಿಂತವಳು, ಕೇಳಿ ಅಭ್ಯಾಸವಿದೆ. ಆ ಮಗು ಏನು ಮಾಡಿತ್ತು? ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು ನನಗೆ.

ಮರುದಿನದ ಮೊದಲ ಬಸ್ಸಿಗೆ ಸಕಲೇಶಪುರಕ್ಕೆ ಹೋದೆ. ನವೀನ್‌ಕುಮಾರ ಸ್ಟುಡಿಯೋದ ಬಾಗಿಲು ತೆಗೆಯುತ್ತಿದ್ದ. ನನ್ನನ್ನು ನೋಡಿ ಹಿಗ್ಗಿಹೋದ.

“ಬನ್ನಿ ಹೇಮಕ್ಕ, ಬನ್ನಿ! ನಾಲ್ಕು ಲಕ್ಷ ಜನ ನೋಡವ್ರೆ. ಸ್ಟಾರ್ ಆಗ್ಬುಟ್ರಿ!”

“ನಾಟ್ಕವ ಎಷ್ಟು ಜನ ನೋಡವ್ರೆ?”

ಅವನು ಫೋನು ನೋಡಿದ. “ಅದು… ಮುನ್ನೂರ ಹನ್ನೆಲ್ಡು.”

“ಆ ತುಂಡು ತೆಗಿ.”

“ಅದ್ಯಾಕಕ್ಕ? ಅದ್ರಾಗೆ ಕೆಟ್ಟದ್ದು ಏನೈತೆ? ಮೈ ತುಂಬ ಬಟ್ಟೆ ಐತೆ. ಪರದೆ ಹಿಂದೆ ಏನಾಯ್ತದೆ ಅಂತ ಜನಕ್ಕೆ ಆಸೆ ಇರ್ತದೆ. ಎಲ್ರೂ ಹಾಕ್ತಾರೆ.”

“ನಿನ್ನ ಆಚಿಗೆ ಕಳ್ಸಿದ್ದು ಯಾಕಂತ ಗೊತ್ತಿತ್ತೋ ಇಲ್ವೋ?”

ಅವನು ಮೇಜಿನಿಂದ ಒಂದು ಕಾಗದ ತೆಗೆದು ಮುಂದಿಟ್ಟ. ನಮ್ಮ ಕಲಾ ಸಂಘದ್ದು. ಅಂದು ಹಿಡಿದ ಎಲ್ಲ ದೃಶ್ಯಗಳನ್ನು ಹೇಗೆ ಬೇಕಾದರೂ ಬಳಸಿಕೊಳ್ಳಲು ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೆ ರಂಗಸ್ವಾಮಿಯ ರುಜು, ಸಂಘದ ಸೀಲು.

“ಬೇಕಾದ್ರೆ ಒಂದ್ ಕೆಲ್ಸ ಮಾಡ್ತೀನಿ. ನಿಮ್ ಮುಖ ಕಾಣ್ದಂಗೆ ಮಸುಕು ಮಾಡ್ಲಾ?” ಎಂದ.

“ಮುಖ ತೋರ್ಸಕ್ಕೆ ಬಂದೋಳು ಕಣೋ ನಾನು. ಅದ್ನೇ ಮಸುಕು ಮಾಡ್ತೀಯಾ?”

ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಸೀಲು ಕಣ್ಣ ಮುಂದೆಯೇ ಇತ್ತು. ನಾಟಕದಲ್ಲಿ ಪಾಳೇಗಾರ ರಾಣಿಯನ್ನು ಕೇಳಿಯಾದರೂ ಕರೆಸುತ್ತಾನೆ, ಇಲ್ಲಿ ಕೇಳುವ ಪದ್ಧತಿಯೂ ಇರಲಿಲ್ಲ. ಕುಂದೂರಿಗೇ ಇಳಿದು ರಂಗಸ್ವಾಮಿಯ ಮನೆಗೆ ಹೋದೆ. ಅವನು ಕಣದಲ್ಲಿ ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಬಿಡಿಸುತ್ತಿದ್ದ.

“ನಾನೇನು ಓದಿ ರುಜು ಹಾಕಿದ್ನೇನವ್ವ? ಹಾಕಿ ಸಾರ್ ಅಂದ, ಹಾಕ್ದೆ.”

“ನಿಮ್ ಮನೆ ಹೆಂಗಸ್ರದ್ದು ಆಗಿದ್ರೆ ಓದ್ತಿದ್ರೋ ಇಲ್ವೋ?”

ಅವನಿಗೆ ಸಿಟ್ಟು ಬಂತು. “ನೋಡಮ್ಮ, ಈಗ ಅವನ್ನ ಎದ್ರು ಹಾಕ್ಕಂಡ್ರೆ ನಾಟ್ಕನೂ ತೆಗ್ದಾಕ್ತಾನೆ. ಎಲ್ರು ಕಷ್ಟನೂ ನೋಡ್‌ಬೇಕಲ್ಲ. ನಾಲ್ಕು ದಿನ ನಗ್ತಾರೆ, ಬುಡ್ತಾರೆ.”

ಎಲ್ಲರ ಕಷ್ಟ ಎಂದರೆ ಅವನ ಪಾಳೇಗಾರ. ಮುನ್ನೂರ ಹನ್ನೆರಡು ಜನ ನೋಡಿದ ಅವನ ಪಾಳೇಗಾರನನ್ನು ಉಳಿಸಲು ನನ್ನನ್ನು ನಾಲ್ಕು ಲಕ್ಷ ಜನ ನೋಡಬೇಕು. ಭಾನುವಾರ ಗಂಡ ಬಂದ. ಎಸ್ಟೇಟಿನ ಸ್ಟೋರಿನಲ್ಲಿ ಅವನಿಗೂ ತೋರಿಸಿ ನಕ್ಕಿದ್ದರು. “ಬುಡು, ಮಾತಾಡ್ದಷ್ಟೂ ಬೆಳೀತದೆ” ಎಂದು ಗೋಡೆ ಕಡೆ ತಿರುಗಿ ಮಲಗಿದ. ನಯನಾ ಆ ವಿಡಿಯೋ ತೋರಿಸುವ ಕಂಪನಿಗೇ ದೂರು ಬರೆದಳು. ಅದರಿಂದ ಬಂದ ಉತ್ತರವನ್ನು ಓದಿ ಹೇಳಿದಳು: ಈ ವಿಡಿಯೋ ನಮ್ಮ ಯಾವ ನಿಯಮವನ್ನೂ ಮೀರಿಲ್ಲ. ಷಡ್ಜ ಮೂರು ಸಲ ಒತ್ತಿದರೆ ಗಂಡಸರು ಹೊರಗೆ ಹೋಗಬೇಕು ಎನ್ನುವುದು ಅವರ ನಿಯಮದಲ್ಲಿ ಎಲ್ಲಿರಬೇಕು?

ಕೊನೆಗೆ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಹಾರ್ಮೋನಿಯಂ ಪಕ್ಕದಲ್ಲಿ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಹೇಳಿದರು.

“ಮೂರು ಜನ ಬಂದು ತೋರ್ಸಕ್ಕೆ ನೋಡಿದ್ರು ಕಣವ್ವ. ನಾನು ನೋಡ್ಲಿಲ್ಲ. ಇಷ್ಟು ವರ್ಷ ಜನದ ಕಡೆ ತಿರ್ಗಿ ಕುಂತಿದ್ದೋನು, ಈಗ್ ನೋಡ್ತೀನಾ?”

ಬೇರೆ ದಿನವಾಗಿದ್ದರೆ ಅವರ ಕಾಲು ಮುಟ್ಟುತ್ತಿದ್ದೆ. ಅಂದು ನನ್ನ ಬಾಯಿ ನಿಲ್ಲಲಿಲ್ಲ. “ನೋಡ್ದೆ ಇದ್ರೆ ಸಾಕಾ ಮೇಷ್ಟ್ರೆ? ನೀವು ಒಂದ್ ಮಾತು ಅಂದಿದ್ರೆ ರಂಗಸ್ವಾಮಿ ಕೇಳ್ತಿದ್ದ. ಎಲ್ರೂ ಮುಖ ತಿರುಗ್ಸಿ ಕುಂತ್ರೆ ನನ್ ಕಡೆ ನೋಡೋರ್ ಯಾರು?” ಎಂದೆ. ಅವರು ಹಾರ್ಮೋನಿಯಂ ಮೇಲೆ ಕಂಬಳಿ ಎಳೆದರು. ನಾನು ನೀರೂ ಕುಡಿಯದೆ ಎದ್ದು ಬಂದೆ.

ಮುಂದಿನ ಮಾರ್ಚಿಗೆ ನಾಟಕ ಮತ್ತೆ ಶುರುವಾಯಿತು. ಮೊದಲ ನಾಟಕ ಕುಂದೂರಿನಲ್ಲೇ, ಈ ಸಲ ಬಯಲಿನಲ್ಲಿ ಸ್ಟೇಜು ಕಟ್ಟಿ, ‘ರಾಣಿ ಹೊನ್ನಾಜಮ್ಮ’ವೇ. ಕೊರೊನಾದ ಹೆದರಿಕೆ ಇನ್ನೂ ಇದ್ದದ್ದರಿಂದ ರಾತ್ರಿಯ ಬದಲು ಮಧ್ಯಾಹ್ನ ಎರಡಕ್ಕೇ ಇಟ್ಟರು. ನಾನು ಹೋಗುವುದಿಲ್ಲ ಎಂದು ನಯನಾ ಅಂದುಕೊಂಡಿದ್ದಳು. ನಾನು ಬಿಟ್ಟರೆ ಹಾಸನದಿಂದ ಇನ್ನೊಬ್ಬಳನ್ನು ಕರೆಸುತ್ತಿದ್ದರು, ಹೊನ್ನಾಜಮ್ಮ ಅಲ್ಲಿಗೆ ನನ್ನ ಕೈ ಬಿಟ್ಟ ಹಾಗೆ. ನನ್ನದೇನೂ ತಪ್ಪಿಲ್ಲದೆ ನಾನೇ ಯಾಕೆ ಪಾತ್ರ ಬಿಡಲಿ? ವಿಂಗಿನೊಳಗೆ ಒಂದೂ ಫೋನು ಇರಕೂಡದು ಎಂದೆ. ರಂಗಸ್ವಾಮಿ ಒಪ್ಪಿಕೊಂಡ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕರಪತ್ರ ಬಂತು. ‘ಸಾಮಾಜಿಕ ಜಾಲತಾಣ ಖ್ಯಾತಿಯ ಕು. ಹೇಮಶ್ರೀ’ ಎಂದು ಅಚ್ಚಾಗಿತ್ತು. ಇಪ್ಪತ್ತೇಳು ವರ್ಷದ ಖ್ಯಾತಿ ಹೋಗಿ ಮೂವತ್ತೆಂಟು ಸೆಕೆಂಡಿನ ಖ್ಯಾತಿ ಬಂದಿತ್ತು. ಮಾದಮ್ಮತ್ತೆಗೆ ಓದಲು ಬರುವುದಿಲ್ಲ. ಏನು ಬರೆದವ್ರೆ ಎಂದು ಕೇಳಿದಳು, ಹೇಳಿದೆ. “ಅವ್ರ್ ಬಾಯಿಗ್ ಮಣ್ಣಾಕ” ಎಂದು ಪಿನ್ನುಗಳನ್ನು ಉಜ್ಜುತ್ತ ಕೂತಳು. ಅವಳನ್ನೂ ಊರಿನ ಹುಡುಗರು ಪಿನ್ನಜ್ಜಿ ಎಂದು ಕೂಗುತ್ತಿದ್ದರು. ಅವಳು ಅದನ್ನು ನನ್ನ ಬಳಿ ಒಂದು ದಿನವೂ ಹೇಳಿರಲಿಲ್ಲ.

ನಾಟಕದ ದಿನ ಅಷ್ಟು ಜನರನ್ನು ಕುಂದೂರಿನಲ್ಲಿ ನಾನು ನೋಡಿರಲಿಲ್ಲ. ಎದುರಿಗೆ ಸ್ಟ್ಯಾಂಡು ನಿಲ್ಲಿಸಿಕೊಂಡು ನವೀನ್‌ಕುಮಾರ ನೇರ ಪ್ರಸಾರ ಮಾಡುತ್ತಿದ್ದ. ಮೊದಲ ಅಂಕ ಚೆನ್ನಾಗಿಯೇ ಹೋಯಿತು. ಹೊನ್ನಾಜಮ್ಮನ ಹಾಡಿನ ಮೊದಲ ಚರಣ ಎತ್ತಿದೆ.

‘ಬಳೆಯ ಬಿಚ್ಚಿಡುವೆನು ಹೊಸಿಲೇ, ನೀನಾದರೂ ನೋಡದಿರು…’

ಆಗ ಕುರ್ಚಿ ಎಳೆಯುವ ಸದ್ದು ಕೇಳಿತು. ಮೊದಲು ನಾಲ್ಕಾರು ಹುಡುಗರು ಎದ್ದರು, ಆಮೇಲೆ ಸಾಲು ಸಾಲೇ ಎದ್ದಿತು. ಎಲ್ಲರೂ ಸ್ಟೇಜಿನ ಬಲಗಡೆಗೆ ಹೋಗಿ ಗುಂಪಾದರು. ಅಲ್ಲಿಂದ ಸೈಡ್‌ವಿಂಗು ಕಾಣುತ್ತದೆ. ಅಲ್ಲಿ ಯಾವಾಗಲೂ ಕಟ್ಟುತ್ತಿದ್ದ ಪಕ್ಕದ ಪರದೆಯನ್ನು ಅಂದು ಯಾರೋ ಬಿಚ್ಚಿದ್ದರು. ಯಾರು ಬಿಚ್ಚಿದರು ಎಂದು ನಾನು ಇವತ್ತಿಗೂ ಕೇಳಿಲ್ಲ, ನನಗೆ ಗೊತ್ತು. ಎದುರಿನ ಕುರ್ಚಿಗಳು ಖಾಲಿ. ಬಲಗಡೆ ಫೋನು ಹಿಡಿದ ಕೈಗಳೇ ಕೈಗಳು. ನಾನು ಹಾಡುತ್ತಿದ್ದೇನೆ, ನನ್ನೆದುರು ಕೇಳುವವರಿಲ್ಲ. ನಾನು ಎಲ್ಲಿ ಬಟ್ಟೆ ಬಿಚ್ಚುತ್ತೇನೋ ಅಲ್ಲಿ ಊರು ಕಾದು ನಿಂತಿದೆ.

ಮೇಷ್ಟ್ರು ಷಡ್ಜವನ್ನು ಮೂರು ಸಲ ಒತ್ತಿದರು. ಒಳಗಿದ್ದ ಗಂಡಸರು, ಭಲೇ ಸಭ್ಯರು, ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಹೊರಗೆ ಹೋದರು. ನಾನು ವಿಂಗಿನ ಅಂಚಿಗೆ ಬಂದು ಮಾದಮ್ಮತ್ತೆಯ ಮುಖ ನೋಡಿದೆ. ಅವಳು ಹೊರಗೆ ನೋಡಿದಳು, ನನ್ನನ್ನು ನೋಡಿದಳು. ಪ್ರತಿ ಸಲ ಹೇಳುವ ಮಾತು ಅವಳ ಬಾಯಿಂದ ಬರಲಿಲ್ಲ.

“ಊರೇ ಇಲ್ಲೈತಲ್ಲವ್ವ,” ಎಂದಳು.

ಹಾಡು ನಿಲ್ಲಿಸುವ ಹಾಗಿರಲಿಲ್ಲ. ಕೈ ಸನ್ನೆ ಮಾಡಿ ಅವಳನ್ನು ಹೊರಗೆ ಕರೆದೆ. ಅವಳು ಬೆಚ್ಚಿ ಹಿಂದೆ ಸರಿದಳು. ಮೂವತ್ತು ವರ್ಷ ನಾಟಕದಲ್ಲಿದ್ದರೂ ಸ್ಟೇಜಿನ ಬೆಳಕಿಗೆ ಒಂದು ಸಲವೂ ಬಂದವಳಲ್ಲ. ನಾನೇ ಅವಳ ರಟ್ಟೆ ಹಿಡಿದು, ಪೇಟ ಅಂಗಿ ಕತ್ತಿ ಎಲ್ಲದರ ಸಮೇತ ಸ್ಟೇಜಿನ ನಟ್ಟ ನಡುವಿಗೆ ಕರೆತಂದೆ. ಖಾಲಿ ಕುರ್ಚಿಗಳ ಎದುರಿಗೆ ನಿಂತು, ಮೂರನೆಯ ಚರಣವನ್ನು ಅಲ್ಲೇ ಎತ್ತಿದೆ. ಎರಡೂ ಕೈ ಅಗಲಿಸಿದೆ.

ಮಾದಮ್ಮತ್ತೆಗೆ ಅರ್ಥವಾಯಿತು. ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಹಲ್ಲಿನ ನಡುವೆ ಕಚ್ಚಿಕೊಂಡಳು. ಡಾಬು ಬಿಚ್ಚಿದಳು, ನೇತುಹಾಕಲು ಏನೂ ಇರಲಿಲ್ಲ, ತನ್ನ ಹೆಗಲಿಗೇ ಹಾಕಿಕೊಂಡಳು. ಕಿರೀಟ ತೆಗೆದಳು. ಸೀರೆಯ ತುದಿ ಹಿಡಿದು ಎಳೆದಳು, ನಾನು ತಿರುಗಿದೆ, ಸ್ವರ ಬಿಡಲಿಲ್ಲ. ಒಳಗೆ ಹೊಸ ಕಪ್ಪು ಚಲ್ಲಣ, ಮೇಲೆ ರವಿಕೆ, ನಡುವೆ ನಲವತ್ತೊಂಬತ್ತು ವರ್ಷದ ನನ್ನ ಹೊಟ್ಟೆ. ನೋಡಿಕೊಳ್ಳಲಿ. ಕದ್ದು ನೋಡುವುದು ಬೇರೆ, ನಾನೇ ಎದುರಿಗೆ ನಿಂತು ತೋರಿಸುವುದು ಬೇರೆ. ಬಲಗಡೆಯ ಗುಂಪಿನಲ್ಲಿ ಯಾವನೋ ಎಮ್ಮೆಯಂತೆ ಕೂಗಿದ. ಯಾರೂ ನಗಲಿಲ್ಲ. ಇನ್ನೊಂದು ಸಲ ಕೂಗಿದ, ಪಕ್ಕದವರು ಗದರಿಸಿದರು.

ಮೇಷ್ಟ್ರು ಎಂದಿನಂತೆ ಕುರ್ಚಿಗಳ ಕಡೆ ಮುಖ ತಿರುಗಿಸಿದ್ದರು, ಅಲ್ಲಿ ಯಾರೂ ಇರಲಿಲ್ಲ. ಒಂದು ಕ್ಷಣ ತಡವರಿಸಿದರು. ಆಮೇಲೆ ಸ್ಟೇಜಿನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತ, ಬೆರಳನ್ನು ನೋಡದೆ ನುಡಿಸಿದರು. ನಾನು ಉಸಿರಿಗೆ ತಡಕಾಡುವ ಕಡೆಯೆಲ್ಲ ಸ್ವರವನ್ನು ಉದ್ದ ಮಾಡಿ ನನ್ನನ್ನು ಕಾದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅಳಲಿಲ್ಲ, ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ನಾಲ್ಕನೆಯ ಚರಣಕ್ಕೆ ಪೇಟ ತಲೆಗೆ ಬಂತು, ಕತ್ತಿ ಕೈಗೆ ಬಂತು. ಹಾಡು ಮುಗಿಯಿತು. ಗುಂಪು ಆಗಲೇ ಕರಗಿ ಎದುರಿಗೆ ಬಂದು ನಿಂತಿತ್ತು. ಆಮೇಲೆ ಹಿಂದಿನಿಂದ ಒಂದು ಮುದಿ ದನಿ, “ಒನ್ಸ್ ಮೋರ್” ಎಂದಿತು. ಮರುಕ್ಷಣಕ್ಕೆ ಬಯಲೆಲ್ಲ ಕೂಗಿತು. ಒನ್ಸ್ ಮೋರ್! ಒನ್ಸ್ ಮೋರ್! ಶಿಳ್ಳೆ, ಚಪ್ಪಾಳೆ. ಅದು ಅಣಕವಲ್ಲ, ಮನಸಾರೆ ಬಂದದ್ದು ಎಂದು ನನಗೆ ಗೊತ್ತಾಗದೇ ಇರುತ್ತದೆಯೇ? ಎರಡು ವರ್ಷದಿಂದ ಆ ಕೂಗಿಗೇ ಹಂಬಲಿಸಿದ್ದವಳು ನಾನು. ಮೇಷ್ಟ್ರು ಬೆರಳಿಟ್ಟುಕೊಂಡು ಕಾದರು. ಪಾಳೇಗಾರನ ವೇಷದ ರಂಗಸ್ವಾಮಿ ಹಿಂದಿನಿಂದ ಓಡಿಬಂದು ನನ್ನ ಪಕ್ಕ ನಿಂತ.

“ಕೇಳ್ತಾವ್ರಲ್ಲ, ಹಾಡವ್ವ! ಊರಿಗೆ ಅವ್ಮಾನ ಮಾಡ್ಬ್ಯಾಡ.”

ನಾನು ಮೈಕಿನ ಹತ್ತಿರ ಹೋದೆ. ಜನ ಸುಮ್ಮನಾದರು. ಎದುರಿಗೆ ನವೀನ್‌ಕುಮಾರನ ಫೋನು ಉರಿಯುತ್ತಿತ್ತು. ಹೇಳುವುದನ್ನು ಅದಕ್ಕೂ ಕೇಳುವ ಹಾಗೆ ಹೇಳಿದೆ.

“ಇಲ್ಲ. ನಿಮ್ಗೆ ಒನ್ಸ್ ಮೋರ್ ಬೇಕಾದ್ರೆ ಜೇಬಿನಾಗೆ ಐತಲ್ಲ, ತೆಗ್ದು ಅದ್ರಾಗೇ ನೋಡ್ಕಳಿ. ಅದು ಎಷ್ಟ್ ಸಲ ಬೇಕಾದ್ರೂ ಬಿಚ್ತದೆ. ನಾನು ಬಿಚ್ಚಲ್ಲ.”

ಎತ್ತಿದ್ದ ಫೋನುಗಳು ಒಂದೊಂದೇ ಕೆಳಗಿಳಿದವು. ಮಾದಮ್ಮತ್ತೆ ನನ್ನ ಸೀರೆಯನ್ನು ಮಡಿಸಿ ಎದೆಗೊತ್ತಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಸ್ಟೇಜಿನ ನಡುವಿನಿಂದಲೇ ನಡೆದು ಹೋದಳು. ನಾನು ರಂಗಸ್ವಾಮಿಯ ಕಡೆ ತಿರುಗಿ ಕತ್ತಿ ಎತ್ತಿದೆ. ನಾಟಕದಲ್ಲಿ ಮುಂದಿನ ಮಾತು ನನ್ನದೇ ಇತ್ತು.